ಷಡ್ಡಕರ ನೈವೇದ್ಯ

ಮನೆಯ ಅಡುಗೆಯನ್ನು ಉಣ್ಣುವುದಕ್ಕೆ ಮುಂಚೆ ಮೊಬೈಲಿನಲ್ಲಿ ಅದರ ಚಿತ್ರವನ್ನು ತೆಗೆಯದಿದ್ದರೆ ಅನ್ನವು ಮೈಗೆ ಹತ್ತುವುದಿಲ್ಲವೆಂದು ನಂಬಿರುವ ಮಹನೀಯರು ಈಗ ಕುಟುಂಬಕ್ಕೊಬ್ಬರಾದರೂ ಇದ್ದಾರೆ. ನಮ್ಮ ಪಾಲಿಗೆ ಬಂದವರು ನನ್ನ ಷಡ್ಡಕರು. ಒಲೆಯ ಮುಂದೆ ಬೇಯುವವರು ಅತ್ತೆಯವರು ಮತ್ತು ನನ್ನ ನಾದಿನಿ. ಷಡ್ಡಕರಿಗೆ ಸಾಸಿವೆಯ ಡಬ್ಬಿ ಎಲ್ಲಿದೆಯೆಂಬುದೂ ತಿಳಿಯದು. ಆದರೆ ಪಾತ್ರೆಯು ಅಡುಗೆಮನೆಯ ಹೊಸ್ತಿಲನ್ನು ದಾಟಿದೊಡನೆ ಸರ್ವಾಧಿಕಾರವೂ ಅವರದೇ.

ಅವರ ವಿದ್ಯೆ ಸುಳ್ಳಲ್ಲವೆಂಬುದನ್ನು ಹಸಿದ ಹೊಟ್ಟೆಯಲ್ಲಿಯೂ ಒಪ್ಪಲೇಬೇಕು. ಟ್ಯೂಬ್‌ಲೈಟಿನ ಕೆಳಗೆ ಚಿತ್ರಾನ್ನಕ್ಕೆ ಹಸಿರು ಛಾಯೆ ತಗಲುವುದೆಂದೂ, ಫ್ಲ್ಯಾಷ್ ಹೊಡೆದರೆ ತುಪ್ಪವು ಬರಿಯ ಬಿಳಿಯ ಕಲೆಯಾಗುವುದೆಂದೂ ಬಲ್ಲ ಅವರು, ದೀಪಗಳನ್ನೆಲ್ಲ ಆರಿಸಿ ತಟ್ಟೆಯನ್ನು ಉತ್ತರದ ಕಿಟಕಿಗೆ ಒಯ್ಯುತ್ತಾರೆ. ನೆರಳು ಕಪ್ಪಾಗದಂತೆ ಎದುರಿನಲ್ಲಿ ಬಿಳಿಯ ಥರ್ಮಾಕೋಲ್ ಹಿಡಿದು ನಿಲ್ಲುವ ಕೈಂಕರ್ಯ ಅತಿಥಿಗಳದು. ಎಲೆಯೂಟವನ್ನು ನೆತ್ತಿಯ ಮೇಲಿಂದ, ಪೇರಿಸಿದ ಸೆಟ್ ದೋಸೆಯನ್ನು ಸಮಮಟ್ಟದಿಂದ, ಬಟ್ಟಲ ಪಾಯಸವನ್ನು ಓರೆಯಿಂದ ತೆಗೆಯತಕ್ಕದ್ದು. ಉಪ್ಪಿಟ್ಟು ಮಾತ್ರ ‘ಫೋಟೋಗೆ ಬರೋದಿಲ್ಲ’ವೆಂದು ಬಹಿಷ್ಕೃತವಾಗಿರುವುದರಿಂದ, ಆ ಮನೆಯಲ್ಲಿ ಬಿಸಿಯಾಗಿ ತಿನ್ನಲು ದೊರೆಯುವ ಏಕೈಕ ಪದಾರ್ಥವೂ ಅದೇ.

ಆಕ್ಷೇಪಿಸಿದರೆ ಇತಿಹಾಸವನ್ನೇ ಎದುರಿಗಿಡುತ್ತಾರೆ: ಟಾಲ್ಬಟ್ ಎಂಬ ಆಂಗ್ಲ ಪಂಡಿತನು 1844ರಿಂದ 1846ರವರೆಗೆ ಕಂತುಗಳಲ್ಲಿ ಹೊರತಂದ ಛಾಯಾಚಿತ್ರಗಳ ಗ್ರಂಥದಲ್ಲಿಯೇ ಹಣ್ಣಿನ ಬುಟ್ಟಿಗಳ ಚಿತ್ರವಿದೆಯಂತೆ. ಇರಬಹುದು. ಆ ಪುಣ್ಯಾತ್ಮನು ವಿವೇಕಿ. ಹಣ್ಣು ಆರಿ ತಣ್ಣಗಾಗುವ ಪದಾರ್ಥವಲ್ಲ.

ಕಳೆದ ಯುಗಾದಿಯಂದು ಎಲೆಗಳನ್ನು ಹಾಕಿ, ಕೋಸಂಬರಿ, ಪಲ್ಯ, ಮಾವಿನಕಾಯಿ ಚಿತ್ರಾನ್ನಗಳನ್ನು ಬಡಿಸಿ, ಹೆಂಚಿನಿಂದ ಆಗತಾನೆ ಇಳಿದ ಒಬ್ಬಟ್ಟಿನ ಮೇಲೆ ಅತ್ತೆಯವರು ತುಪ್ಪವನ್ನು ಬಿಡುತ್ತಿರುವಾಗಲೇ, ಸ್ಟೂಲಿನ ಮೇಲೇರಿದ್ದ ಷಡ್ಡಕರು ಕೆಳಗಿಳಿದು ನನ್ನ ಎಲೆಯನ್ನು ತುದಿ ಬಲಕ್ಕೆ ಬರುವಂತೆ ತಿರುಗಿಸಿಬಿಟ್ಟರು.

“ಹಬ್ಬದ ದಿನ ಎಲೆ ತುದಿ ಬಲಕ್ಕೆ ಹಾಕ್ತಾರೇನ್ರೀ, ಅಳಿಯಂದಿರೇ?”

“ಒಂದೇ ನಿಮಿಷ ಅತ್ತೆ, ಬೆಳಕು ಆ ಕಡೆಯಿಂದ ಬರ್ತಿದೆ.”

“ಹಾಗಾದ್ರೆ ನೀವೇ ಆ ಕಡೆ ಹೋಗಿ. ಎಲೆ ಇದ್ದ ಹಾಗೇ ಇರ್ಲಿ.”

ಸಂಧಾನವು ಮುಗಿಯುವಷ್ಟರಲ್ಲಿ ತುಪ್ಪ ಹೆಪ್ಪುಗಟ್ಟಿತ್ತು. ಹಸಿವಿನ ವಿಷಯದಲ್ಲಿ ನಾನು ಸ್ಥಿತಪ್ರಜ್ಞನಲ್ಲ. ಕೋಸಂಬರಿಯ ಒಂದು ಚಿಟಿಕೆಯನ್ನು ಬಾಯಿಗೆ ಹಾಕಿಕೊಂಡದ್ದಕ್ಕೆ ‘ಫ್ರೇಮೇ ಹಾಳಾಯ್ತಲ್ರೀ’ ಎಂಬ ಉದ್ಗಾರವು ಹೊರಟಿತು. ಆಮೇಲೆ ಹಬೆಯ ಪ್ರಶ್ನೆ. ಹಬೆ ಕಾಣಬೇಕಾದರೆ ಬೆಳಕು ಹಿಂದಿನಿಂದ ಬೀಳಬೇಕು, ಹಿನ್ನೆಲೆ ಕಪ್ಪಗಿರಬೇಕು. ತಣ್ಣಗಾದ ಒಬ್ಬಟ್ಟನ್ನು ಕಿಟಕಿಯ ಮುಂದಿಟ್ಟು, ಬೆನ್ನಿಗೆ ಕಪ್ಪು ಕೊಡೆಯೊಂದನ್ನು ಬಿಚ್ಚಿ, ಮರೆಯಲ್ಲಿ ಕುದಿಯುವ ನೀರಿನ ಲೋಟವನ್ನಿರಿಸಿ, ಕೊನೆಗೂ ಸಾಧಿಸಿದರು.

ಆ ಚಿತ್ರಗಳೆಲ್ಲ ಮೊದಲು ಹೋಗುವುದು ಮ್ಯೂನಿಕ್ಕಿನಲ್ಲಿರುವ ಮಗಳಿಗೆ. ಅಲ್ಲಿ ಒಂಟಿಯಾಗಿ ಬ್ರೆಡ್ಡಿನ ತುಂಡಿನ ಮುಂದೆ ಕುಳಿತಿರುವವಳಿಗೆ ಹಬ್ಬವನ್ನು ಮುಟ್ಟಿಸಲು ಈ ಮನುಷ್ಯನಿಗೆ ಬೇರೆ ಹಾದಿ ತಿಳಿಯದೆಂಬುದನ್ನು ನೆನೆದಾಗ, ಥರ್ಮಾಕೋಲನ್ನು ಇನ್ನಷ್ಟು ನೆಟ್ಟಗೆ ಹಿಡಿಯಬಾರದಾಗಿತ್ತೇ ಎನಿಸುವುದುಂಟು. ಅಂಚಿನಲ್ಲಿ ಸೇರಿದ್ದ, ತುಪ್ಪದ ಮಿಳ್ಳೆ ಹಿಡಿದ ಅತ್ತೆಯವರ ಕೈಯನ್ನು ಅಡ್ಡಿಯೆಂದು ಕತ್ತರಿಸಿಯೇ ಕಳುಹಿಸಿದ್ದರು. ನಾವು ಮಜ್ಜಿಗೆಗೆ ಬರುವಷ್ಟರಲ್ಲಿ ಉತ್ತರ ಬಂದಿತು; ಷಡ್ಡಕರು ಓದಿ, ಮೊಬೈಲನ್ನು ಬೋರಲು ಹಾಕಿದರು. ನಾದಿನಿ ಎತ್ತಿ ಗಟ್ಟಿಯಾಗಿ ಓದಿದಳು: “ಅಪ್ಪಾ, ಅಜ್ಜಿ ಎಲ್ಲೂ ಕಾಣ್ತಾನೇ ಇಲ್ವಲ್ಲ? ಮತ್ತೆ ಹೊಗೆ ಯಾಕೆ ಒಬ್ಬಟ್ಟು ಬಿಟ್ಟು ಅದರ ಹಿಂದಿನಿಂದ ಬರ್ತಿದೆ?”