ಪಾಂಢರಿ ಚಾರ್‌ನಲ್ಲಿ ಒಂದು ರಾಕೆಟ್

ಉಮರ್ಗಾದಲ್ಲಿ ಒಬ್ಬನೇ ಕೂರಬೇಕೆನ್ನುವವನು ಸೊಲ್ಲಾಪುರಕ್ಕೆ ಹೋಗಿ ಲಾಡ್ಜ್ ಹಿಡಿಯುವುದೇ ವಾಸಿ. ಹೆದ್ದಾರಿಗೆ ಅಂಟಿಕೊಂಡ ಊರು ನಮ್ಮದು. ಪುಣೆ–ಹೈದರಾಬಾದ್ ಬಸ್ಸುಗಳು ಸರಿರಾತ್ರಿಯಲ್ಲೂ ಜನರನ್ನು ಇಳಿಸುತ್ತವೆ. ಇಳಿದವರಲ್ಲಿ ಒಬ್ಬರಾದರೂ ನಮ್ಮ ಬೀಗರ ಪೈಕಿ ಆಗಿರುತ್ತಾರೆ. ಬಸವಕಲ್ಯಾಣದವರು ಕನ್ನಡದಲ್ಲಿ, ಲಾತೂರದವರು ಮರಾಠಿಯಲ್ಲಿ, ಹೈದರಾಬಾದಿನವರು ದಖನಿಯಲ್ಲಿ ಬಾಗಿಲು ಬಡಿಯುತ್ತಾರೆ. ಇಂಥ ಊರಲ್ಲಿ ಹುಟ್ಟಿ, ನಲವತ್ತು ದಾಟಿ, ಹೈಸ್ಕೂಲಿನಲ್ಲಿ ಭೂಗೋಲ ಕಲಿಸುತ್ತಿದ್ದ ನನಗೆ ಒಂದು ಸಿ.ಡಿ.ಯಲ್ಲಿ ನರಪಿಳ್ಳೆಯೂ ಇಲ್ಲದ ದ್ವೀಪ ಸಿಕ್ಕಿತು. ಭೂಗೋಲದ ಮಾಸ್ತರನಿಗೆ ದ್ವೀಪ ಸಿಕ್ಕರೆ ಬಿಟ್ಟಾನೆಯೇ?

ಆಟದ ಹೆಸರು ಮಿಸ್ಟ್. ಅಮೆರಿಕದ ಸ್ಪೋಕೇನ್ ಕಡೆಯ ರ‍್ಯಾಂಡ್ ಮಿಲ್ಲರ್, ರಾಬಿನ್ ಮಿಲ್ಲರ್ ಎಂಬ ಅಣ್ಣತಮ್ಮಂದಿರು ತಮ್ಮ ಸಯಾನ್ ಕಂಪನಿಯಲ್ಲಿ ಕೂತು ಕಟ್ಟಿದ್ದು. ಇದರಲ್ಲಿ ಕೋವಿಯಿಲ್ಲ, ಶತ್ರುವಿಲ್ಲ, ಅಂಕವಿಲ್ಲ, ಅವಸರವಿಲ್ಲ. ಒಂದು ಪುಸ್ತಕದೊಳಗೆ ಬೀಳುತ್ತೀರಿ, ದ್ವೀಪದ ದಕ್ಕೆಯ ಮೇಲೆ ಏಳುತ್ತೀರಿ; ಮುಂದಿನದು ನಿಮ್ಮ ಕರ್ಮ. ಸುಮಾರು 2500 ನಿಶ್ಚಲ ಚಿತ್ರಗಳನ್ನು ಆ್ಯಪಲ್‌ನ ಹೈಪರ್‌ಕಾರ್ಡ್ ತಂತ್ರಾಂಶದಲ್ಲಿ ಪೋಣಿಸಿದ್ದಾರೆ. ಒಂದು ಕ್ಲಿಕ್ಕಿಗೆ ಒಂದು ಹೆಜ್ಜೆ. ಮೌಸಿನ ಬಾಣದ ಜಾಗದಲ್ಲಿ ಪುಟ್ಟ ಕೈ. ಆ ಕೈಯಿಂದ ಹಿಡಿಕೆ ಎಳೆಯಬೇಕು, ಗುಂಡಿ ಒತ್ತಬೇಕು, ಪಟ ಮುಟ್ಟಬೇಕು, ಪುಸ್ತಕ ತಿರುವಬೇಕು. ಅಸಲಿ ಡಬ್ಬಿಯಲ್ಲಿ ಟಿಪ್ಪಣಿಗೆಂದು ಒಂದು ಖಾಲಿ ನೋಟ್‌ಬುಕ್ಕನ್ನೂ ಇಟ್ಟು ಮಾರುತ್ತಿದ್ದರಂತೆ. ನನ್ನದು ಡಬ್ಬಿಯಿಲ್ಲದ ಸಿ.ಡಿ. ಆದ್ದರಿಂದ ಒಂಬತ್ತನೇ ತರಗತಿಯ ಹಾಜರಿ ಪುಸ್ತಕದ ಕೊನೆಯ ಹಾಳೆಗಳು ಕೆಲಸಕ್ಕೆ ಬಂದವು. ಹಲ್ಲುಚಕ್ರ, ಹಡಗು, ನಕ್ಷತ್ರಗಳನ್ನು ನೋಡಿದ ಹೆಡ್‌ಮಾಸ್ತರರು, ‘ಹೊಸ ಸಿಲೆಬಸ್ಸೇ?’ ಎಂದರು. ನಾನು ಗಂಭೀರವಾಗಿ ತಲೆಯಾಡಿಸಿದೆ. 2002ರಲ್ಲಿ ‘ದ ಸಿಮ್ಸ್’ ಹಿಂದಿಕ್ಕುವ ತನಕ ಕಂಪ್ಯೂಟರ್ ಆಟಗಳಲ್ಲಿ ಅತಿ ಹೆಚ್ಚು ಮಾರಾಟವಾದದ್ದು ಮಿಸ್ಟ್. ಸಿಮ್ಸ್ ಎಂಬುದು ಮನೆ ಕಟ್ಟಿ ಸಂಸಾರ ಹೂಡುವ ಆಟ. ಒಬ್ಬಂಟಿತನವನ್ನು ಸೋಲಿಸಿದ್ದು ಅಲ್ಲಿಯೂ ಸಂಸಾರವೇ ಎಂಬುದನ್ನು ಗಮನಿಸಬೇಕು.

ನನ್ನ ಕಂಪ್ಯೂಟರ್ ಇದ್ದದ್ದು ಪಡಸಾಲೆಯಲ್ಲಿ. ಭರವಸೆಯ ಪ್ಲಗ್ ಇದ್ದದ್ದು ಅಲ್ಲೊಂದೇ. ಪಕ್ಕದಲ್ಲಿ ಆಯಿಯ ಹೊರಸು. ದೀಪ ಆರಿಸಿ, ಬಾಗಿಲು ಮುಂದೆ ಮಾಡಿ, ಸಮುದ್ರದ ಅಲೆಯ ಸದ್ದಿಗೆ ಕಿವಿಗೊಟ್ಟು, ಗ್ರಂಥಾಲಯದ ಬಾಗಿಲು ದಾಟಿದೆನೋ ಇಲ್ಲವೋ, ಬೆನ್ನ ಹಿಂದಿನಿಂದ ದನಿ: ‘ಮನಿ ಯಾರದೋ?’

‘ಯಾರದೂ ಅಲ್ಲ ಆಯಿ. ಆಟ.’

‘ಯಾರದೂ ಅಲ್ಲದ ಮನ್ಯಾಗ ನೀ ಯಾಕ ಹೊಕ್ಲತ್ತಿ?’

ಇಷ್ಟು ಸಾಕಾಯಿತು, ಮನೆಯೆಲ್ಲ ನೆರೆಯಿತು. ‘ಇಲ್ಲಿ ನಲ್ಲಿ ಸೋರ್ಲತ್ತದ, ಅಲ್ಲಿ ವಾಲ್ವ್ ತಿರುವ್ಲತ್ತೀರಿ’ ಎಂದು ಹೆಂಡತಿ ಒಂದು ಸಲ ಹೇಳಿ, ಕುರ್ಚಿ ಎಳೆದುಕೊಂಡು ಅವಳೂ ಕೂತಳು. ದ್ವೀಪದ ನೆಲಮಾಳಿಗೆಯಲ್ಲಿ ಒಂದು ಜನರೇಟರ್. ಅಲ್ಲಿಂದ ರಾಕೆಟ್ಟಿಗೆ ಸರಿಯಾಗಿ 59 ವೋಲ್ಟ್ ಕೊಡಬೇಕು. ಹೆಚ್ಚಾದರೆ ಬ್ರೇಕರ್ ಬೀಳುತ್ತದೆ, ಕಂಬ ಹತ್ತಿ ಮೇಲೆತ್ತಬೇಕು. ಜಗತ್ತಿನ ಎಷ್ಟು ಜನ ಇಲ್ಲಿ ತಲೆ ಕೆರೆದುಕೊಂಡಿದ್ದಾರೋ. ಲೋಡ್‌ಶೆಡ್ಡಿಂಗಿನ ಆ ವರ್ಷಗಳಲ್ಲಿ ನಮ್ಮವರಿಗೆ ಇದು ಆಟವೆಂದೇ ಅನ್ನಿಸಲಿಲ್ಲ. ಟ್ಯೂಬ್‌ಲೈಟ್ ಮಿಣುಕುವ ಬಗೆ ನೋಡಿಯೇ ವೋಲ್ಟೇಜ್ ಹೇಳಬಲ್ಲ ನನ್ನ ತಮ್ಮ, ಗುಂಡಿಗಳನ್ನು ಒತ್ತಿ ಕೂಡಿಸಿದ, ಕಳೆದ, ಕಂಬ ಹತ್ತಿದ, ಇಳಿದ. ‘ಲೈನ್‌ಮನ್ ಬರೋತನಕ ಕಾಯೋದು ಬ್ಯಾಡ ಅಂತ ಇಲ್ಲ್ಯಾರೋ ಶಾಣ್ಯಾರು ಇದ್ದರು’ ಎಂದು ಮೆಚ್ಚಿದ.

ರಾಕೆಟ್ಟಿನೊಳಗಿನ ಕಥೆಯನ್ನು ಮಾತ್ರ ಸಾವಕಾಶ ಹೇಳಬೇಕು. ಅದರ ಒಂದು ತುದಿಯಲ್ಲಿ ಆರ್ಗನ್, ಇನ್ನೊಂದು ತುದಿಯಲ್ಲಿ ಸರಿಸುವ ಐದು ಹಿಡಿಕೆ. ಗ್ರಂಥಾಲಯದ ಪುಸ್ತಕವೊಂದರಲ್ಲಿ ಆರ್ಗನ್ನಿನ ಐದು ಕೀಲಿಮನೆಗಳಿಗೆ ಗುರುತು ಹಾಕಿದ ಚಿತ್ರ. ಆರ್ಗನ್ನಿನಲ್ಲಿ ಮನೆ ಒತ್ತಬೇಕು, ಸ್ವರವನ್ನು ಕಿವಿಯಲ್ಲಿ ಹಿಡಿದುಕೊಂಡು ಆ ತುದಿಗೆ ನಡೆಯಬೇಕು, ಅದೇ ಸ್ವರಕ್ಕೆ ಹಿಡಿಕೆ ನಿಲ್ಲಿಸಬೇಕು. ನಡುವೆ ಇರುವುದು ನಾಲ್ಕು ಹೆಜ್ಜೆ. ಆ ನಾಲ್ಕು ಹೆಜ್ಜೆಯಲ್ಲಿ ನಮ್ಮಲ್ಲಿ ಕುಕ್ಕರ್ ಕೂಗುತ್ತದೆ, ಬೀದಿಯಲ್ಲಿ ಗುಜರಿಯ ಭಂಗಾರವಾಲಾ ಕೂಗುತ್ತಾನೆ, ಹೆದ್ದಾರಿಯ ಟ್ರಕ್ಕು ಇಡೀ ಸಪ್ತಕವನ್ನೇ ಊದುತ್ತದೆ. ನಾನು ನಿಲ್ಲಿಸಿದ ಮೂರನೇ ಹಿಡಿಕೆ ಬಹುಶಃ ಟ್ರಕ್ಕಿನ ಶ್ರುತಿಯಲ್ಲಿತ್ತು. ಪೇಟಿ ಮಾಸ್ತರರನ್ನು ಕರೆಸಿದೆವು.

ಮಾಸ್ತರರು ಭಜನಿ ಮಂಡಳಿಯ ಹಿರಿಯರು. ಏಕಾದಶಿಯ ಭಜನೆ ಮುಗಿಸಿ ಪೇಟಿ, ಪಖವಾಜ್, ತಾಳಗಳ ಸಮೇತ ಬಂದರು. ಕಂಪ್ಯೂಟರಿನ ಆರ್ಗನ್ ಕೇಳಿ ಮೊದಲು ಕೇಳಿದ್ದು, ‘ಪಟ್ಟಿ ಯಾವುದು?’ ನನಗೆ ಗೊತ್ತಿರಲಿಲ್ಲ. ತಮ್ಮ ಪೇಟಿಯ ಭಾತಾ ಬಿಚ್ಚಿ, ಕಣ್ಣು ಮುಚ್ಚಿ, ‘ಪಾಂಢರಿ ಚಾರ್ ಷಡ್ಜ ಹಿಡೀರಿ’ ಎಂದು, ಅಂದರೆ ನಾಲ್ಕನೇ ಬಿಳಿ ಮನೆಯೇ ಸಾ ಎಂದು, ತೀರ್ಪಿತ್ತರು. ಐದೂ ಸ್ವರ ಕೇಳಿದರು. ಮತ್ತೊಮ್ಮೆ ಕೇಳಿದರು. ಮುಖ ಸಪ್ಪಗಾಯಿತು.

‘ಸರ್, ಇವು ಐದಲ್ಲ, ನಾಲ್ಕು. ಮೊದಲಿನ ಎರಡೂ ಒಂದೇ ಸ್ವರ. ಒಂದು ಕೆಳಗಿಂದು, ಒಂದು ಮ್ಯಾಲಿಂದು.’

‘ಹೌದ್ರಿ, ಅವನ್ನೇ ಅಲ್ಲಿ ಕೂಡಿಸಿದರ—’

‘ನಾಲ್ಕು ಸ್ವರದಾಗ ರಾಗ ಆಗಂಗಿಲ್ಲ. ಕಡಿಮಿ ಅಂದ್ರ ಐದು ಬೇಕು. ಸಾ, ರೇ, ಮ, ಪ ಅಷ್ಟೇ ಕೊಟ್ಟಾರ. ಧೈವತ ಕೂಡಿಸ್ರಿ, ದುರ್ಗಾ ಆಗ್ತದ.’

‘ಕೋಮಲ ನಿಷಾದ ಕೂಡಿಸಿದ್ರ ಮಧಮಾದ ಸಾರಂಗ’ ಎಂದರು ಪಖವಾಜಿನವರು, ಯಾರೂ ಕೇಳದಿದ್ದರೂ.

‘ರಾತ್ರಿ ಒಂಬತ್ತಕ್ಕ ಸಾರಂಗ ಯಾರು ಹಾಡ್ತಾರ? ಅದು ನಡುಮಧ್ಯಾಹ್ನದ ರಾಗ.’

‘ರಾತ್ರಿ ಇಲ್ಲಿ ಆಗೇದ. ಅಲ್ಲಿ ನೋಡ್ರಿ, ಬಿಸಲದ.’

ಎಲ್ಲರೂ ಪರದೆ ನೋಡಿದರು. ಹೌದು, ದ್ವೀಪದಲ್ಲಿ ಹಗಲು. ರಾಗದ ಹೊತ್ತನ್ನು ಹಾಡುವವನ ಊರಿನಿಂದ ಎಣಿಸಬೇಕೋ, ರಾಕೆಟ್ ಇರುವ ಊರಿನಿಂದ ಎಣಿಸಬೇಕೋ? ಪ್ರಶ್ನೆ ಶಾಸ್ತ್ರದಿಂದ ಜಾರಿ ಭೂಗೋಲಕ್ಕೆ ಬಿತ್ತು, ಭೂಗೋಲದ ಮಾಸ್ತರ ಎದುರಿಗೇ ಇದ್ದ. ನಾನು ನಾಚಿಕೆಯಿಲ್ಲದೆ ಎದ್ದು ನಿಂತೆ. ನಮ್ಮ ಗಡಿಯಾರಗಳು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಕೊಂಡಿವೆ, ದ್ವೀಪದ ರೇಖಾಂಶ ನಕಾಶೆಯಲ್ಲಿಲ್ಲ, ನೆರಳಿನ ಉದ್ದ ಅಳೆದರೆ ಅಲ್ಲಿನ ಹೊತ್ತು ತಿಳಿಯಬಹುದು ಎಂದು ವಿವರಿಸಿದೆ. ಒಂಬತ್ತನೇ ತರಗತಿ ನನಗೆ ಎಂದೂ ಕೊಡದಷ್ಟು ಏಕಾಗ್ರತೆಯನ್ನು ಭಜನಿ ಮಂಡಳಿ ಕೊಟ್ಟಿತು. ತಾಳದವರೊಬ್ಬರು ಪರದೆಗೆ ಸ್ಕೇಲು ಹಚ್ಚಿ ಗ್ರಂಥಾಲಯದ ಕಂಬದ ನೆರಳನ್ನು ಅಳೆಯಲೂ ಮುಂದಾದರು.

ಅಷ್ಟರಲ್ಲಿ ಮಾಸ್ತರರಿಗೆ ತಾಳ್ಮೆ ಕೆಟ್ಟಿತ್ತು. ‘ಸ್ವರ ಹೊಡೀಲಿಕ್ಕ ಇಲ್ಲಿ, ಶ್ರುತಿ ಹಚ್ಚಲಿಕ್ಕ ಅಲ್ಲಿ! ಯಾವ ಮಿಸ್ತ್ರಿ ಮಾಡ್ಯಾನ ಇದನ್ನ?’ ಎಂದು ಬೈದು, ದುರ್ಗಾದಲ್ಲೊಂದು ಅಭಂಗ ಎತ್ತಿಯೇಬಿಟ್ಟರು. ಪಖವಾಜಿನವರು ಮುನಿಸು ಮರೆತು ಹೆಗಲು ಕೊಟ್ಟರು. ಓಣಿಯವರು ಬಂದರು. ಹೆಂಡತಿ ಚಹಾ ಇಟ್ಟಳು. ಕರೆಂಟ್ ಹೋಯಿತು. ಪರದೆ ಕಪ್ಪಾಗಿ ದ್ವೀಪ, ರಾಕೆಟ್, ಉಳಿಸದೇ ಇದ್ದ ನನ್ನ ಆಟ ಎಲ್ಲ ಮುಳುಗಿದವು. ಭಜನೆ ಕತ್ತಲಲ್ಲೇ ನಡೆಯಿತು, ಮಂಗಳಾರತಿಯೂ ಆಯಿತು. ಜನವಸತಿಯಿಲ್ಲದ ದ್ವೀಪದ ಹೆಸರಿನಲ್ಲಿ ಅಷ್ಟೊಂದು ಮಂದಿ ಪ್ರಸಾದ ತಿಂದದ್ದು ಅದೇ ಮೊದಲಿರಬೇಕು.

ಮರುದಿನ ಸ್ವರವೆಂದರೆ ಏನೆಂದು ತಿಳಿಯದ ಮಗಳು ಆರ್ಗನ್ನಿನ ಮನೆ ಒತ್ತಿ, ಬಾಯಲ್ಲಿ ‘ಊಂ’ ಎಂದು ಅದೇ ಸ್ವರ ಹಿಡಿದು, ಉಸಿರು ಬಿಡದೆ ನಾಲ್ಕು ಹೆಜ್ಜೆ ದಾಟಿ, ಹಿಡಿಕೆ ಕೂಡಿಸಿದಳು. ಐದೂ ಕೂಡಿದವು, ಹೊಸ ಲೋಕದ ದಾರಿ ತೆರೆಯಿತು. ಸುದ್ದಿ ಮುಟ್ಟಿಸಿದಾಗ ಮಾಸ್ತರರು, ‘ಹೋಗ್ಲಿ ಬಿಡ್ರಿ. ಬೇಸೂರ ಹೋಗೇದ’ ಎಂದರು.

ಆಮೇಲಿನದು ವೇಗವಾಗಿ ನಡೆಯಿತು. ಮಿಸ್ಟ್ ಹಿಡಿದವನಿಗೆ ಲೋಕದ ಕಲ್ಲೆಲ್ಲ ಗುಂಡಿ. ನಳದುರ್ಗದಲ್ಲಿ ಬೋರಿ ನದಿಗೆ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ ಕಟ್ಟಿದ ಒಡ್ಡಿದೆ. ಒಡ್ಡಿನ ಹೊಟ್ಟೆಯೊಳಗೇ ಪಾಣಿಮಹಲ್. ಮಳೆಗಾಲದಲ್ಲಿ ನೀರು ತಲೆಯ ಮೇಲೆ ಹಾಯ್ದು ಧುಮುಕುತ್ತದೆ, ಒಳಗೆ ನಿಂತವನು ಕಿಟಕಿಯಿಂದ ನೋಡುತ್ತಾನೆ. ಮಿಲ್ಲರ್ ಸೋದರರು ಇದನ್ನು ಕಂಡಿದ್ದರೆ ತಮ್ಮ ಸಿ.ಡಿ. ವಾಪಸ್ ತರಿಸಿಕೊಳ್ಳುತ್ತಿದ್ದರು. ಅಲ್ಲಿ ನಾನು ಕಲ್ಲು ಕಲ್ಲಿಗೆ ಬೆರಳು ಬಡಿಯುತ್ತಿದ್ದಾಗ ಕಾವಲುಗಾರ, ‘ಕಾಯ್ ಹರವಲಂ ಸರ್?’ ಎಂದು ತಾನೂ ನೆಲ ಹುಡುಕತೊಡಗಿದ. ನಿಲಂಗಾದ ನೀಲಕಂಠೇಶ್ವರ ಗುಡಿಯ ಗೋಡೆ ನಕ್ಷತ್ರದ ಮೂಲೆಗಳಲ್ಲಿ ಮಡಿಚಿಕೊಂಡಿದೆ. ಮೂಲೆ ಎಣಿಸುತ್ತ ಸುತ್ತಿದ್ದನ್ನು ಅರ್ಚಕರು ಹರಕೆ ಎಂದುಕೊಂಡು ಕುಂಕುಮ ಕೊಟ್ಟರು. 1760ರಲ್ಲಿ ಸದಾಶಿವರಾವ್ ಭಾವು ನಿಜಾಮನ ಸೈನ್ಯವನ್ನು ಮಣಿಸಿದ ಉದಗೀರದ ಕೋಟೆಯಲ್ಲಿ ಮಾತ್ರ ನನಗೆ ಸಿಟ್ಟು ಬಂತು. ಆಟದಲ್ಲಿ ಗೋಡೆಯ ಮೇಲೊಂದು ಗೀರಿದ್ದರೆ ಅದಕ್ಕೆ ಕಾರಣವಿರುತ್ತದೆ. ಇಲ್ಲಿ ಹಳೆಯ ಗಾರೆಯ ಮೇಲೆ ಮೊಳೆಯಿಂದ ಹೃದಯ ಕೊರೆದು, ಬಾಣ ನೆಟ್ಟು, ಎರಡು ಅಕ್ಷರ ಬರೆದು ಹೋಗಿದ್ದಾರೆ. ಪ್ರೀತಿಗೆ ಬೇರೆ ಕಾಗದ ಸಿಗಲಿಲ್ಲವೇ? ಅದೇ ಸಿಟ್ಟಿನಲ್ಲಿ, ಇಂಟರ್‌ನೆಟ್ಟಿನಿಂದ ಪೂರ್ತಿ ಉತ್ತರ ಇಳಿಸಿಕೊಂಡು ಫೋನಿನಲ್ಲಿ ಹೇಳಲು ಬಂದ ಪುಣೆಯ ಅಕ್ಕನ ಮಗನನ್ನೂ ಬೈದೆ. ಗೈಡ್ ಓದಿ ಪಾಸಾಗುವವರನ್ನು ನಾನು ಶಾಲೆಯಲ್ಲಿ ಸಾಕಷ್ಟು ನೋಡಿದ್ದೇನೆ.

ಆಯಿ ಮಾತ್ರ ಹಿಡಿದ ಪ್ರಶ್ನೆ ಬಿಟ್ಟಿರಲಿಲ್ಲ. ಹೊಸ ಮನೆ ಹೊಕ್ಕಾಗಲೆಲ್ಲ, ‘ಇಲ್ಲಿಯ ಮಂದಿ ಎಲ್ಲಿ? ಹಾಸಿಗಿ ಹಂಗೇ ಅದ, ಪುಸ್ತಕ ಹಂಗೇ ಅವ.’ ಒಂದು ಸಂಜೆ ನಾನು ರೇಗಿ, ‘ಮಂದಿ ಇಲ್ಲದ್ದೇ ಇದರ ಮಜಾ ಆಯಿ’ ಎಂದೆ. ಆಕೆ ಸುಮ್ಮನಾದಳು. ಯಾಕೆಂದು ನನಗೆ ಆಮೇಲೆ ಹೊಳೆಯಿತು. ಮಿಸ್ಟ್ ಅಂಗಡಿಗೆ ಬಂದದ್ದು 1993ರ ಸೆಪ್ಟೆಂಬರ್ 24ರಂದು. ಅದೇ ತಿಂಗಳ 30ರ ನಸುಕಿನ ನಾಲ್ಕರ ಸುಮಾರಿಗೆ, ಗಣಪತಿ ಕಳಿಸಿ ಮಲಗಿದ್ದ ಕಿಲ್ಲಾರಿ, ಸಾಸ್ತೂರಗಳ ಸೀಮೆ ನಡುಗಿತು. ಭೂಕಂಪದ ಭಯ ತೀರ ಕಡಿಮೆ ಎಂದು ನಕಾಶೆಯಲ್ಲಿ ಗುರುತಿಸಿದ್ದ ನೆಲ ಅದು; ನಾನೂ ಹಾಗೆಯೇ ಪಾಠ ಮಾಡಿದ್ದೆ. ಮಣ್ಣಿನಲ್ಲಿ ಕೂಡಿಸಿದ ದಪ್ಪ ಕಲ್ಲಿನ ಗೋಡೆ, ಮೇಲೆ ಮಣಗಟ್ಟಲೆ ಮಣ್ಣಿನ ಮಾಳಿಗೆ, ಮಲಗಿದವರು ಏಳಲಿಲ್ಲ. ಸಾವಿರಾರು ಜನ ಹೋದರು, 52 ಹಳ್ಳಿ ನೆಲಸಮವಾದವು. ಆಯಿಯ ತಂಗಿಯ ಮನೆ ಅಲ್ಲಿತ್ತು. ನೋಡಲು ಹೋದಾಗ ಚೌಕಟ್ಟು ಸಮೇತ ಬಾಗಿಲು ನಿಂತಿತ್ತಂತೆ, ಗೋಡೆ ಇರಲಿಲ್ಲ. ಅಂದಿನಿಂದ ಆಯಿ ಮಾಳಿಗೆಯ ಕೆಳಗೆ ಮಲಗಿಲ್ಲ. ಪಡಸಾಲೆಯ ತಗಡಿನ ಪತ್ರಾದ ಕೆಳಗೆ ಹೊರಸು ಬಂದದ್ದು ಹಾಗೆ. ಖಾಲಿ ಮನೆಯಲ್ಲಿ ಮಜಾ ಇದೆ ಎನ್ನುವ ಮಾತನ್ನು ನಾನು ಆಮೇಲೆ ಆಕೆಯೆದುರು ಆಡಲಿಲ್ಲ.

ಆಟ ಮುಗಿಸಿದ್ದು ಆಯಿಯೇ. ಗ್ರಂಥಾಲಯದಲ್ಲಿ ಕೆಂಪು ಪುಸ್ತಕ ಒಂದು, ನೀಲಿ ಪುಸ್ತಕ ಒಂದು. ಕೆಂಪಿನಲ್ಲಿ ಸಿರಸ್, ನೀಲಿಯಲ್ಲಿ ಅವನ ಸೋದರ ಅಕೆನಾರ್ ಸಿಕ್ಕಿಬಿದ್ದಿದ್ದಾರೆ. ಇಬ್ಬರದೂ ಒಂದೇ ಹಾಡು: ಅವನು ಕಳ್ಳ, ನನ್ನ ಹಾಳೆ ತಂದುಕೊಡು, ನನ್ನನ್ನು ಬಿಡಿಸು. ಯಾರನ್ನು ನಂಬಬೇಕೆಂದು ಲೋಕವೆಲ್ಲ ತಿಣುಕಿದೆ. ಆಯಿಯ ತವರು ನಿಲಂಗಾ ತಾಲ್ಲೂಕು. ಅದೂ ಉದಗೀರವೂ 1956ರ ತನಕ ಬೀದರ್ ಜಿಲ್ಲೆಯಲ್ಲಿದ್ದು, ನವೆಂಬರ್ 1ಕ್ಕೆ ಮುಂಬಯಿ ರಾಜ್ಯಕ್ಕೆ ಹೋದವು, 1982ರಲ್ಲಿ ಹೊಸದಾದ ಲಾತೂರ ಜಿಲ್ಲೆಗೆ ಸೇರಿದವು. ಆಕೆಯ ಅಣ್ಣತಮ್ಮಂದಿರ ಹೊಲದ ಪಾಲು, ಅಂದರೆ ವಾಟಣಿ, ಉರ್ದುವಿನ ಕಾಗದದಲ್ಲಿ ಶುರುವಾಗಿ ಮರಾಠಿಯ ಸಾತ್‌ಬಾರಾ ಪಹಣಿಯಲ್ಲಿ ಇನ್ನೂ ನಡೆದಿತ್ತು. ಒಬ್ಬ ಅಣ್ಣ ಬಂದು ಅವನ ಕಾಗದ ಖೋಟಾ ಎನ್ನುವುದು, ಇನ್ನೊಬ್ಬ ಬಂದು ಇವನದು ಎನ್ನುವುದು, ಇಬ್ಬರೂ ಚಹಾ ಕುಡಿದು ಹೋಗುವುದು ಆಕೆಗೆ ಅಭ್ಯಾಸ.

‘ಇಬ್ಬರಿಗೂ ಕೊಡಬ್ಯಾಡ’ ಎಂದಳು. ‘ಒಬ್ಬನ ಮ್ಯಾಲೊಬ್ಬ ಹೇಳ್ಲತ್ತಾರಂದ್ರ ಇಬ್ಬರೂ ಅವರೇ. ಅಪ್ಪ ಎಲ್ಲಿ ಹೋಗ್ಯಾನ ನೋಡು.’

ಅಪ್ಪ ಆಟ್ರಸ್ ಹಸಿರು ಪುಸ್ತಕದಲ್ಲಿದ್ದ. ತನಗೊಂದು ಬಿಳಿ ಹಾಳೆ ಬೇಕೆಂದ. ಅದನ್ನು ಹುಡುಕದೆಯೇ ನಾನು ಅವನ ಬಳಿ ಜಿಗಿಯಲು ಕೈ ಚಾಚಿದ್ದೆ. ‘ಹಿರಿಯರ ಭೇಟಿಗೆ ಬರಿಗೈಲೆ ಹೋಗ್ತಾರೇನೋ?’ ಎಂದಳು ಆಯಿ. ಹಾಳೆಯಿಲ್ಲದೆ ಹೋದವರು ಅವನ ಜತೆ ಶಾಶ್ವತವಾಗಿ ಅಲ್ಲೇ ಸಿಕ್ಕಿಬೀಳುತ್ತಾರೆ ಎಂಬುದು ಅಕ್ಕನ ಮಗನ ಗೈಡಿನಲ್ಲಿತ್ತಂತೆ; ಆಯಿ ಗೈಡ್ ಓದಿರಲಿಲ್ಲ.

ಹಾಳೆ ಕೊಟ್ಟೆವು. ಆಟ್ರಸ್ ಬಿಡುಗಡೆಯಾದ, ಮಕ್ಕಳ ಪುಸ್ತಕಗಳ ವಿಲೇವಾರಿ ಮಾಡಿದ, ನಮಗೆ ಕೊಡಲು ತನ್ನ ಬಳಿ ಬಹುಮಾನವೇನೂ ಇಲ್ಲ, ಬೇಕಾದರೆ ದ್ವೀಪ ಸುತ್ತಿಕೊಂಡಿರಿ ಎಂದು ಹೇಳಿ ಮೇಜಿನ ಮೇಲೆ ಬಗ್ಗಿ ಬರೆಯಲು ಕೂತ. ಪಡಸಾಲೆಯೆಲ್ಲ ಮುಂದೇನೆಂದು ಕಾದಿತು. ಮುಂದೇನೂ ಇರಲಿಲ್ಲ.

‘ಇಷ್ಟು ದಿನ ಓಡ್ಯಾಡ್ಸಿದ’ ಎಂದಳು ಆಯಿ, ‘ಒಂದು ಕಪ್ ಚಹಾ ತಗೋತೀರೇನು ಅನ್ಲಿಲ್ಲ ನೋಡು.’