ಬಾಡಿಗೆಯ ಕರಿ ಗೌನು

ಬೀದರ್‌ನವರಿಗೆ ವಿಶ್ವವಿದ್ಯಾಲಯ ಹೊಸ ಸುದ್ದಿಯಲ್ಲ. 1472ರಲ್ಲೇ ಮಹಮೂದ್ ಗವಾನ್ ಮೂರಂತಸ್ತಿನ ಮದ್ರಸಾ ಕಟ್ಟಿಸಿ ದೂರದೂರದ ಪಂಡಿತರನ್ನು ಕರೆಸಿಕೊಂಡಿದ್ದ. 1696ರಲ್ಲಿ ಮದ್ದು ಸಿಡಿದು ಅದರ ಒಂದು ಭಾಗ ಹಾರಿಹೋಯಿತು. ಆಮೇಲೆ 2005ರ ಹೊತ್ತಿಗೆ ನಮ್ಮಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯ ಬಂತು. ದನಕರುಗಳ ಸರದಿ ನಮಗಿಂತ ಮೊದಲು ಬಂದದ್ದಕ್ಕೆ ನನ್ನ ತಕರಾರಿಲ್ಲ, ಅವು ನಮಗಿಂತ ತಾಳ್ಮೆಯಿಂದ ಕಾದಿದ್ದವು. ಮನುಷ್ಯರ ಪಾಲಿನ ಬೀದರ್ ವಿಶ್ವವಿದ್ಯಾಲಯ ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲಿ ಶುರುವಾದದ್ದು 2023ರಲ್ಲಿ. ನಾನು ಅದಕ್ಕೂ ಕೆಲವು ವರ್ಷ ಮೊದಲೇ, ಅದಿನ್ನೂ ಗುಲಬರ್ಗಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದಾಗ, ಕನ್ನಡ ಎಂ.ಎ. ಮುಗಿಸಿಬಿಟ್ಟಿದ್ದೆ. ನನ್ನ ಆತುರವೇ ಹಾಗೆ.

ನಿಜವಾದ ಘಟಿಕೋತ್ಸವ ಕಲಬುರಗಿಯಲ್ಲಿ, ಚಿನ್ನದ ಪದಕದವರಿಗೆ. ನಾವು ಹನ್ನೊಂದು ಮಂದಿ ಪದಕವಿಲ್ಲದವರು ಸೇರಿ ನಮ್ಮದೇ ಒಂದು ಘಟಿಕೋತ್ಸವ ಮಾಡಿಕೊಂಡೆವು. ಬೀದರ್‌ನ ಒಂದು ಫೋಟೊ ಸ್ಟುಡಿಯೊದಿಂದ ಕರಿ ಗೌನು ಬಾಡಿಗೆಗೆ ತಂದೆವು. ಹನ್ನೊಂದಲ್ಲ, ಒಂದು. ಒಬ್ಬೊಬ್ಬರೇ ತೊಟ್ಟು, ಹುಣಸೆ ಮರದ ಕೆಳಗೆ ನಿಂತು, ಸುರುಳಿ ಸುತ್ತಿದ ಖಾಲಿ ಹಾಳೆ ಹಿಡಿದು ಫೋಟೊ ತೆಗೆಸಿಕೊಂಡು, ಬೆವರು ಆರುವ ಮೊದಲೇ ಮುಂದಿನವನಿಗೆ ದಾಟಿಸಬೇಕು. ಐನೂರು ರೂಪಾಯಿ ಡಿಪಾಸಿಟ್ ಕಟ್ಟಿದವನು ನಾನಾದ್ದರಿಂದ ಕೊನೆಯ ಸರದಿ ನನ್ನದು. ವಾಪಸ್ ಕೊಡಬೇಕಾದದ್ದು ಮರುದಿನ ಮಧ್ಯಾಹ್ನ.

ಅಷ್ಟರಲ್ಲಿ ಚಿಂತಾಕಿಗೆ ಹೋಗಿ ಆಯಿಗೆ ತೋರಿಸಿ ಬರೋಣ ಅನ್ನಿಸಿತು. ಫೋನಿನ ಫೋಟೊ ಆಯಿಗೆ ನಡೆಯುವುದಿಲ್ಲ. “ಅದರಾಗ ಎಲ್ಲಾರೂ ಕಡ್ಲಿಕಾಳಿನಷ್ಟೇ ಕಾಣ್ತಾರ” ಅನ್ನುತ್ತಾಳೆ. ಗೌನನ್ನು ಬ್ಯಾಗಿಗೆ ಹಾಕಿದರೆ ಇಸ್ತ್ರಿ ಹಾಳಾಗುತ್ತದೆ ಎಂದು ಗೆಳೆಯರಿಗೆ ಹೇಳಿ, ತೊಟ್ಟುಕೊಂಡೇ ಹೊರಟೆ. ಸುಳ್ಳು. ಆ ಬಟ್ಟೆಗೆ ಇಸ್ತ್ರಿಯೇ ಇರಲಿಲ್ಲ.

ಮೇ ತಿಂಗಳು. ಬೀದರ್ ನಿಲ್ದಾಣದಲ್ಲಿ ಔರಾದ್ ಬಸ್ಸು ಹತ್ತಿದಾಗ ಮೊದಲ ಪವಾಡ ನಡೆಯಿತು: ತುಂಬಿದ ಬಸ್ಸಿನಲ್ಲಿ ಯಾರೋ ಎದ್ದು ನನಗೆ ಸೀಟು ಬಿಟ್ಟರು. ಇಪ್ಪತ್ಮೂರು ವರ್ಷದ ನನ್ನ ಬಾಳಿನಲ್ಲಿ ಬಸ್ಸಿನ ಸೀಟು ತಾನಾಗಿ ಬಂದದ್ದು ಅದೇ ಮೊದಲು. ಕೂತೆ. ಪಕ್ಕದಲ್ಲಿ ಬಿಳಿ ಧೋತರ, ಕೆಂಪು ರುಮಾಲಿನ ಒಬ್ಬ ಮುತ್ಯಾ.

“ವಕೀಲ್ ಸಾಬ್ರು ಯಾ ಊರಿನೋರು?”

ಈ ಪ್ರಶ್ನೆಗೆ ಎರಡು ಉತ್ತರ ಕೊಡಬೇಕಿತ್ತು. ನಾನು ಒಂದನ್ನೇ ಕೊಟ್ಟೆ. “ಚಿಂತಾಕಿ.”

ಜನವಾಡ ಬರುವಷ್ಟರಲ್ಲಿ ನನ್ನ ವಕೀಲಿಕೆ ಭರ್ಜರಿಯಾಗಿ ನಡೆದಿತ್ತು. ಮುಂದಿನ ಸೀಟಿನವರ ಬಾಂದುಗಲ್ಲನ್ನು ದಾಯಾದಿ ರಾತ್ರೋರಾತ್ರಿ ಸರಿಸಿದ್ದ. ಹಿಂದಿನ ಹೆಣ್ಣುಮಗಳ ಗಂಡ ಉದಗೀರದಲ್ಲಿ ಇನ್ನೊಂದು ಸಂಸಾರ ಹೂಡಿದ್ದ. ಎಲ್ಲರಿಗೂ ನಾನು ಗಂಭೀರವಾಗಿ ಒಂದೇ ಮಾತು ಹೇಳಿದೆ: “ಒಂದ್ ಅರ್ಜಿ ಕೊಡ್ರಿ.” ಯಾರಿಗೆ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಎರಡು ವರ್ಷ ಪಂಪನನ್ನು ಓದಿದವನಿಗೆ ದಾಯಾದಿಗಳ ವ್ಯಾಜ್ಯ ಹೊಸದೇನಲ್ಲ. ಆದರೆ ಪಂಪಭಾರತದಲ್ಲಿ ಅದು ಬಗೆಹರಿದ ರೀತಿ ಔರಾದ್ ಬಸ್ಸಿನಲ್ಲಿ ಸಲಹೆ ಕೊಡುವಂಥದ್ದಲ್ಲ.

ಆಗ ಮುತ್ಯಾ ಅಂಗಿಯೊಳಗಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದರು. ಅದರೊಳಗೆ ಪೇಪರಿನ ಹೊದಿಕೆ, ಅದರೊಳಗೆ ಹಳದಿ ಬಟ್ಟೆ. ಬಟ್ಟೆಯೊಳಗಿಂದ, ಮಡಿಕೆಗಳಲ್ಲಿ ಹರಿಯಲು ಸಿದ್ಧವಾಗಿದ್ದ ಒಂದು ಕಾಗದ. “ನಮ್ಮಪ್ಪ ಸಾಯುವಾಗ ಕೊಟ್ಟಾನ್ರೀ. ಜ್ವಾಕಿಲಿಂದ ಇಟ್ಕೋ ಅಂದಾನ. ಹೊಲದ್ದು. ಸ್ವಲ್ಪ ನೋಡ್ರಿ ಸಾಬ್.”

ಬಿಡಿಸಿದೆ. ಉರ್ದು.

ಇಡೀ ಬಸ್ಸು ನನ್ನ ಮುಖ ನೋಡುತ್ತಿತ್ತು. ನಾನು ಕಾಗದದ ಮೇಲೆ ಕಣ್ಣಾಡಿಸಿದೆ, ಎಡದಿಂದ ಬಲಕ್ಕೆ. ತಪ್ಪು ನೆನಪಾಗಿ ಬಲದಿಂದ ಎಡಕ್ಕೆ. ಸಾಲಿನ ಕೊನೆಯಲ್ಲಿ ಸ್ವಲ್ಪ ನಿಂತೆ, ಅರ್ಥವಾದವನ ಹಾಗೆ. ಹುಬ್ಬು ಗಂಟಿಕ್ಕಿದೆ. ಬೆವರಿನ ಹನಿಯೊಂದು ಮೂಗಿನ ತುದಿಗೆ ಬಂದು, ದಾಖಲೆಯ ಮೇಲೆ ಬೀಳಲೋ ಬೇಡವೋ ಎಂದು ಯೋಚಿಸುತ್ತಿತ್ತು. ಗೌನಿನ ತೋಳಿನಿಂದ ಒರೆಸಿಕೊಂಡೆ. ಎರಡನೇ ಸಾಲು. ಅಲ್ಲೊಂದು ಚುಕ್ಕೆ ಇತ್ತು, ಅದರ ಮೇಲೆ ಮೂರು ಚುಕ್ಕೆ. ಆ ನಾಲ್ಕು ಚುಕ್ಕೆಗಳನ್ನು ನಾನು ನೋಡಿದಷ್ಟು ಹೊತ್ತು ಅದನ್ನು ಬರೆದ ಗುಮಾಸ್ತನೂ ನೋಡಿರಲಾರ. ಬೆರಳಿಟ್ಟು ಮೆಲ್ಲಗೆ ಬಡಿದೆ. “ಹಾಂ” ಅಂದೆ. ಬಸ್ಸಿನ ಅರ್ಧ ಭಾಗ “ಹಾಂ” ಅಂದಿತು.

“ಇದು ಭಾಳ ಹಳೇದ್ ಅದ” ಅಂದೆ.

“ಹೌದ್ ಸಾಬ್” ಎಂದರು ಮುತ್ಯಾ, ಕೈಮುಗಿದು. “ಭಾಳ ಹಳೇದು.”

ಬಾಗಿಲ ಬಳಿ ಕಂಬ ಹಿಡಿದು ನಿಂತಿದ್ದ, ಬಿಳಿ ಟೋಪಿಯ ಚಾಚಾ ಒಬ್ಬರು ಕೆಮ್ಮಿದರು. ಮರ್ಯಾದೆ ಕಳೆಯಬಾರದೆಂದು ಆದಷ್ಟು ಮೆಲ್ಲಗೆ ಹೇಳಿದರು: “ಸಾಬ್, ಕಾಗಜ್ ಉಲ್ಟಾ ಹೈ.”

ನಿಜಾಮನ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ನಾನು ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬರೆದವನು. ಒಳಗಿನ ಕನ್ನಡವೆಲ್ಲ ಬಂತು, ಹೊರಗಿನ ಫಲಕ ಓದಲು ಬರಲಿಲ್ಲ. ಗಡಿನಾಡಿನ ಭಾಷಾ ಸಾಮರಸ್ಯದ ಮೇಲೆ ಎರಡೆರಡು ದಿನದ ವಿಚಾರ ಸಂಕಿರಣಗಳಲ್ಲಿ ಕೂತೆದ್ದಿದ್ದೇನೆ. ಊಟ ಚೆನ್ನಾಗಿರುತ್ತಿತ್ತು, ಮೊಸರನ್ನದಲ್ಲಿ ದಾಳಿಂಬೆ ಹಾಕಿರುತ್ತಿದ್ದರು. ಅಲಿಫ್ ಯಾವುದು, ಬೇ ಯಾವುದು ಎಂದು ಕಲಿಸುವ ಆಲೋಚನೆ ಮಾತ್ರ ದೂರದೂರಿಂದ ಬಂದ ಆ ಸಂಪನ್ಮೂಲ ವ್ಯಕ್ತಿಗಳಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಹೊಳೆಯಬೇಕಿತ್ತು ಎಂದು ಇವತ್ತಿಗೂ ಸಿಟ್ಟಿದೆ. ಕಲಿಯಬೇಕೆಂದು ನನಗೂ ಹೊಳೆದಿರಲಿಲ್ಲ ಎಂಬುದು ಬೇರೆ ಮಾತು.

ಚಾಚಾ ಕನ್ನಡಕ ಏರಿಸಿ ಓದಿದರು. ಫಸಲಿ 1354, ಅಂದರೆ 1945ರ ಆಸುಪಾಸು. ಉದಗೀರದ ಸಂತೆ. ಇಷ್ಟು ಓದಿ ನಿಲ್ಲಿಸಿದರು. ನನ್ನ ಕಡೆ ನೋಡಿದರು, ಮುತ್ಯಾನ ಕಡೆ ನೋಡಿದರು. ಆಮೇಲೆ ನಮ್ಮ ಕನ್ನಡಕ್ಕೇ ಬಂದರು. “ಹೊಲದ್ದಲ್ಲ ಮುತ್ಯಾ. ಎತ್ತಿನ ರಸೀದಿ ಅದ. ದೇವಣಿ ಎತ್ತು, ಒಂದು ಜೋಡಿ. ಎರಡ್‌ನೂರಾ ಎಂಬತ್ತು ರೂಪಾಯಿ, ಹಾಲಿ ಸಿಕ್ಕಾ.”

“ಹೊಲದ್ದು?”

“ಹೊಲದ್ ಏನೂ ಬರ್ದಿಲ್ಲ.”

ಬಸ್ಸು ಮಾಂಜ್ರಾ ದಾಟುತ್ತಿತ್ತು. ಯಾರೂ ಮಾತಾಡಲಿಲ್ಲ. ಬೇಸಿಗೆಯ ನದಿ, ಬಂಡೆಗಳ ನಡುವೆ ಒಂದಿಷ್ಟು ಹಸಿರು ನೀರು. ಮುತ್ಯಾ ಕಾಗದವನ್ನು ವಾಪಸ್ ತೆಗೆದುಕೊಂಡು ಹಳೆಯ ಮಡಿಕೆಗಳ ಮೇಲೆಯೇ ಮಡಚಿದರು. ಹಳದಿ ಬಟ್ಟೆ, ಪೇಪರು, ಪ್ಲಾಸ್ಟಿಕ್ ಚೀಲ, ಒಂದೂ ತಪ್ಪಿಸಲಿಲ್ಲ.

“ಒಂದರ ಹೆಸ್ರು ಸರ್ಜಾ ಇತ್ತು” ಅಂದರು, ಯಾರಿಗೂ ಅಲ್ಲದಂತೆ. “ನಾ ಆಗ ಏಳೆಂಟು ವರ್ಷದಾಂವ. ಅದು ಸತ್ತ ದಿನ ನಮ್ಮಪ್ಪ ಉಂಡಿಲ್ಲ.”

ಸಂತಪುರದಲ್ಲಿ ಇಳಿಯುವ ಮುಂಚೆ ಇಪ್ಪತ್ತು ರೂಪಾಯಿಯ ನೋಟು ನನ್ನ ಕೈಗೆ ತುರುಕಿದರು. “ಫೀಸ್ ಸಾಬ್.” ಚಾಚಾನಿಗೆ ಕೊಡಿ ಎಂದೆ. “ಅವ್ರು ಬರೀ ಓದ್ಯಾರ. ನೋಡಿದವ್ರು ನೀವ್” ಅಂದರು. ಎರಡು ಸಲ ಬೇಡವೆಂದೆ. ಮೂರನೆಯ ಸಲ ಬೇಡ ಅನ್ನಬೇಕಾದರೆ ನಾನು ವಕೀಲನಲ್ಲ ಎಂದು ಹೇಳಬೇಕಾಗುತ್ತಿತ್ತು. ತೆಗೆದುಕೊಂಡೆ. ಕನ್ನಡ ಎಂ.ಎ.ಯಿಂದ ನನ್ನ ಮೊದಲ ಸಂಪಾದನೆ ಅದು. ಎರಡನೆಯದಕ್ಕೆ ಮತ್ತೆ ಮೂರು ವರ್ಷ ಹಿಡಿಯಿತು.

ಔರಾದ್‌ನಲ್ಲಿ ಬಸ್ಸು ಬದಲಿಸುವಾಗ ಗೌನು ಬಿಚ್ಚಿ ಬ್ಯಾಗಿಗೆ ಹಾಕಿದೆ. ಜಾಗ ಬೇಕಾದಷ್ಟಿತ್ತು.

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿ, ಅಂಗಳದಲ್ಲಿ ಮತ್ತೆ ತೊಟ್ಟು ಆಯಿಯ ಮುಂದೆ ನಿಂತೆ. ಆಯಿ ಮೇಲಿಂದ ಕೆಳಗೆ ನೋಡಿದಳು. ಹತ್ತಿರ ಕರೆದು ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಉಜ್ಜಿದಳು. ತಿರುವಿ ಒಳಗಿನ ಹೊಲಿಗೆ ನೋಡಿದಳು.

“ಬಟ್ಟಿ ಭಾಳ ಅದ. ಕೌದಿಗಿ ಅಸ್ತರ ಆಗ್ತದ. ಎಷ್ಟಕ್ಕ ಕೊಡ್ತಾರ ಕೇಳು.”

ಜೇಬಿನಲ್ಲಿ ಇಪ್ಪತ್ತು ರೂಪಾಯಿ ಇತ್ತು. ಸ್ಟುಡಿಯೊದಲ್ಲಿ ಐನೂರು. ನಾನು ಲೆಕ್ಕ ಹಾಕತೊಡಗಿದೆ.