ಗೆಲ್ಲುತ್ತಿರುವವನ ಪಾಡು

ಚದುರಂಗದ ಮಣೆಯ ಮುಂದೆ ಸೋಲುತ್ತಿರುವವನಷ್ಟು ನೆಮ್ಮದಿಯ ಮನುಷ್ಯ ಇನ್ನೊಬ್ಬನಿಲ್ಲ. ಒಂದು ಕುದುರೆ ಹೋಗಿದೆ, ಎರಡು ಕಾಲಾಳು ಹೋಗಿವೆ, ರಾಜ ಬಯಲಿಗೆ ಬಿದ್ದಿದ್ದಾನೆ. ಇನ್ನು ಕಳೆದುಕೊಳ್ಳುವುದಕ್ಕೆ ಏನಿದೆ? ಕಾಲು ಚಾಚಿ ಕೂತು, ಕಾಫಿ ಹೀರುತ್ತಾ, ತೋಚಿದ ಕಡೆಯಿಂದೆಲ್ಲ ಚೆಕ್ ಕೊಡುತ್ತಿರುತ್ತಾನೆ. ಬೆವರು ಒರೆಸಿಕೊಳ್ಳುತ್ತಿರುವವನು ಎದುರಿಗಿರುವವನು, ಅಂದರೆ ಗೆಲ್ಲುತ್ತಿರುವವನು. ಸಾಲದ್ದಕ್ಕೆ ಅವನ ಬೆನ್ನ ಹಿಂದೆ ನಿಂತ ನಾಲ್ಕು ಜನ, “ಗೆದ್ದಾಯ್ತು ಬಿಡಿ ರಾಯರೇ, ಇನ್ನೇನಿದೆ!” ಅನ್ನುತ್ತಿರುತ್ತಾರೆ. ಈ ಮಹನೀಯರನ್ನು ಮೊದಲು ಅಲ್ಲಿಂದ ಎಬ್ಬಿಸಿ ಕಳಿಸಬೇಕು. ಇರುವುದೆಲ್ಲ ಅಲ್ಲಿಂದ ಮುಂದೆಯೇ ಇದೆ ಸ್ವಾಮಿ.

ಈಗಂತೂ ಬೆನ್ನ ಹಿಂದೆ ನಿಲ್ಲುವುದೂ ಬೇಕಿಲ್ಲ. ಮೊಬೈಲ್ ತೆರೆದರೆ ಆಟದ ಪಕ್ಕದಲ್ಲೇ, ಯಾರು ಎಷ್ಟು ಮುಂದಿದ್ದಾರೆಂದು ಯಂತ್ರ ಲೆಕ್ಕ ಹಾಕಿ ತೋರಿಸುವ ಒಂದು ಪಟ್ಟಿ ಏರುತ್ತಾ ಇಳಿಯುತ್ತಾ ಇರುತ್ತದೆ. “ಪ್ಲಸ್ ಐದು!” ಎಂದು ಸೋಫಾದ ಮೇಲಿಂದಲೇ ತೀರ್ಪು. ಆನೆಗೂ ಒಂಟೆಗೂ ವ್ಯತ್ಯಾಸ ತಿಳಿಯದವನೂ ಗ್ರ್ಯಾಂಡ್‌ಮಾಸ್ಟರನ್ನು ದಡ್ಡ ಅಂದುಬಿಡುತ್ತಾನೆ. ಆ ಲೆಕ್ಕ ಹಾಕಿದ ಯಂತ್ರಕ್ಕೆ ಕೈ ನಡುಗುವುದಿಲ್ಲ, ನಾಲ್ಕು ಗಂಟೆ ಕೂತು ಬೆನ್ನು ನೋಯುವುದಿಲ್ಲ. ಪ್ಲಸ್ ಐದು ಅಂದರೆ, ಇನ್ನು ಮುಂದಿನ ಅಷ್ಟೂ ನಡೆಗಳನ್ನು ಯಂತ್ರ ಆಡಿದ ಹಾಗೆಯೇ ಆಡಿದರೆ ಗೆಲ್ಲಬಹುದು ಅಂತ. ಆ ‘ರೆ’ಯ ಮೇಲೆ ಎಷ್ಟು ಜನ ಮುಗ್ಗರಿಸಿದ್ದಾರೆ!

ಸಣ್ಣಪುಟ್ಟವರ ಮಾತು ಬಿಡಿ. 2025ರ ಜೂನ್ 1, ನಾರ್ವೆಯ ಸ್ಟಾವೆಂಜರ್. ಐದು ಸಲ ವಿಶ್ವ ಚಾಂಪಿಯನ್ ಆದ ಮ್ಯಾಗ್ನಸ್ ಕಾರ್ಲ್‌ಸನ್, ತನ್ನ ದೇಶದಲ್ಲೇ, ನಮ್ಮ ಗುಕೇಶ್ ಎದುರು ಗೆಲ್ಲುವ ಸ್ಥಿತಿಯಲ್ಲಿ ಕೂತಿದ್ದಾರೆ. ಕಲ್ಲಿನಿಂದಲೂ ಎಣ್ಣೆ ಹಿಂಡುವ ಆಸಾಮಿ ಎಂದು ಹೆಸರಾದವರು. ಗಡಿಯಾರದಲ್ಲಿ ಸೆಕೆಂಡುಗಳು ಉಳಿದಾಗ ಕುದುರೆ ಒಂದು ಕಡೆ ಜಾರಿತು, ಆಟ ಪೂರ್ತಿ ಮಗುಚಿತು. ಕಾರ್ಲ್‌ಸನ್ ಮೇಜನ್ನು ಗುದ್ದಿದ ರಭಸಕ್ಕೆ ಕಾಯಿಗಳೆಲ್ಲ ಎಗರಿದ್ದನ್ನು ಜಗತ್ತೆಲ್ಲ ನೋಡಿತು. ಮೇಜು ಪಾಪ, ಏನು ಮಾಡಿತ್ತು? ಕ್ಲಾಸಿಕಲ್ ಆಟದಲ್ಲಿ ಕಾರ್ಲ್‌ಸನ್ ಮೇಲೆ ಗುಕೇಶ್‌ಗೆ ಅದೇ ಮೊದಲ ಗೆಲುವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದಕ್ಕೆ ನಾರ್ವೆಯ ಭಾಷೆಯಲ್ಲೂ ಏನಾದರೊಂದು ಗಾದೆ ಇದ್ದೇ ಇರಬೇಕು.

ಹಾಗಾದರೆ ಗೆಲ್ಲುವುದು ಹೇಗೆ? ಬೇಜಾರಿನಿಂದ ಗೆಲ್ಲಬೇಕು ಅನ್ನುವುದು ನನ್ನ ಸಿದ್ಧಾಂತ. ಮೇಲುಗೈ ಪಡೆಯುವುದು ಮುಹೂರ್ತದಂತೆ. ವಾಲಗ, ಅಕ್ಷತೆ, ಫೋಟೋ, ಎಲ್ಲರೂ ಹಾಜರು. ಅದನ್ನು ಗೆಲುವಾಗಿಸುವುದು ಮಾರನೆಯ ದಿನ ಛತ್ರದ ಪಾತ್ರೆ ಎಣಿಸಿ ಒಪ್ಪಿಸುವ ಕೆಲಸ. ಯಾರಿಗೂ ಬೇಡ, ಆದರೆ ಒಂದು ಸೌಟು ಕಡಿಮೆಯಾದರೂ ಅಡ್ವಾನ್ಸ್ ವಾಪಸ್ ಬರುವುದಿಲ್ಲ.

2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಇದೇ ಗುಕೇಶ್ ಮಾಡಿದ್ದು ಈ ಎಣಿಕೆಯ ಕೆಲಸ. ವಿಶ್ವ ಚಾಂಪಿಯನ್‌ಷಿಪ್‌ನ ಹದಿನಾಲ್ಕನೆಯ, ಕೊನೆಯ ಆಟ. ಇಬ್ಬರದ್ದೂ ಆರೂವರೆ ಅಂಕ. ಎದುರಾಳಿ ಡಿಂಗ್ ಲಿರೆನ್‌ಗಿಂತ ಗುಕೇಶ್ ಬಳಿ ಒಂದೇ ಒಂದು ಕಾಲಾಳು ಹೆಚ್ಚು. ಡ್ರಾ ಆಗುತ್ತದೆ, ನಾಳೆ ಟೈಬ್ರೇಕ್ ಎಂದು ಪಂಡಿತರು ಸಾಮಾನು ಕಟ್ಟತೊಡಗಿದ್ದರು. ಹುಡುಗ ಏಳಲಿಲ್ಲ. ಅವಸರವಿಲ್ಲ, ಆರ್ಭಟವಿಲ್ಲ, ಆನೆ ಅತ್ತ ಇತ್ತ, ರಾಜ ಒಂದು ಹೆಜ್ಜೆ. 55ನೆಯ ನಡೆಯಲ್ಲಿ ದಣಿದ ಡಿಂಗ್ ತಮ್ಮ ಆನೆಯನ್ನು ತಪ್ಪು ಮನೆಯಲ್ಲಿಟ್ಟರು. ಆನೆಗೆ ಆನೆ, ಒಂಟೆಗೆ ಒಂಟೆ ಹೊಡೆದುಕೊಂಡು ಮಣೆ ಖಾಲಿಯಾಯಿತು. ಉಳಿದ ಆ ಹೆಚ್ಚುವರಿ ಕಾಲಾಳು ಹದಿನೆಂಟರ ಹುಡುಗನನ್ನು ವಿಶ್ವ ಚಾಂಪಿಯನ್ ಮಾಡಿತು.

ಮುಂದಿರುವವನು ದೊಡ್ಡ ಕಾಯಿಗಳನ್ನು ಬದಲಾಯಿಸಿಕೊಳ್ಳಬೇಕು, ಕಾಲಾಳುಗಳನ್ನು ಜೋಪಾನ ಮಾಡಬೇಕು. ಯಾವ ಕೋಚಿಂಗ್ ಕ್ಲಾಸಿಗೆ ಹೋದರೂ ಈ ಪಾಠ ಸಿಗುತ್ತದೆ. ಆದರೆ ಪಾಠದ ಮುಂದಿನ ಪುಟವನ್ನೂ ಓದಬೇಕಲ್ಲ? ಇಬ್ಬರಲ್ಲೂ ಒಂದೊಂದು ಒಂಟೆ ಉಳಿದು, ಒಂದು ಬಿಳಿ ಮನೆಯಲ್ಲೂ ಇನ್ನೊಂದು ಕಪ್ಪು ಮನೆಯಲ್ಲೂ ಓಡಾಡುತ್ತಿದ್ದರೆ, ಎರಡು ಕಾಲಾಳು ಹೆಚ್ಚಿದ್ದರೂ ಎಷ್ಟೋ ಸಲ ಆಟ ಡ್ರಾ. ಇನ್ನು ಅಂಚಿನ ಸಾಲಿನ ಕಾಲಾಳು ಮಂತ್ರಿಯಾಗಬೇಕಾದ ಮೂಲೆಯ ಮನೆ ನಿಮ್ಮ ಒಂಟೆಯ ಬಣ್ಣದ್ದಲ್ಲ ಅನ್ನಿ. ಎದುರಾಳಿಯ ರಾಜ ಬಂದು ಅಲ್ಲಿ ಕೂತುಬಿಟ್ಟರೆ ಬ್ರಹ್ಮ ಬಂದರೂ ಎಬ್ಬಿಸಲಾಗದು. ಕಾಯಿ ಹೊಡೆಯುವ ಹುರುಪಿನಲ್ಲಿ ಇದು ಯಾರಿಗೆ ನೆನಪಿರುತ್ತದೆ?

ನೆನಪಿನ ಮಾತು ಬಂದಾಗ ಜಿನೀವಾದ ಸಂಗತಿ ಹೇಳಲೇಬೇಕು. 2013ರಲ್ಲಿ ಆಗಿನ ಮಹಿಳಾ ವಿಶ್ವ ಚಾಂಪಿಯನ್ ಅನ್ನಾ ಉಶೆನಿನಾ ಅವರ ಬಳಿ ಒಂಟೆ, ಕುದುರೆ ಎರಡೂ ಇದ್ದವು. ಎದುರಾಳಿ ಓಲ್ಗಾ ಗಿರ್ಯಾ ಅವರ ಬಳಿ ಬರೀ ಒಬ್ಬ ರಾಜ. ಸರಿಯಾಗಿ ಆಡಿದರೆ ಹೆಚ್ಚೆಂದರೆ 33 ನಡೆಯಲ್ಲಿ ಮುಗಿಯಬೇಕಾದ ಕೆಲಸ, ನಿಯಮ ಕೊಡುವುದು 50. ಆದರೂ ಆ ಒಂಟಿ ರಾಜ ಸಿಕ್ಕಲಿಲ್ಲ, ಆಟ ಡ್ರಾ ಆಯಿತು. ಆ ಮೇಟ್ ನಮಗೆ ಜೀವಮಾನದಲ್ಲಿ ಎಲ್ಲಿ ಬರುತ್ತದೆ ಎಂದು ಅದನ್ನು ಕಲಿಯದೆ ಬಿಟ್ಟವರಿಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇಕೆ?

ಇನ್ನೊಂದು ಜಾತಿಯ ಆಟಗಾರರಿದ್ದಾರೆ, ಅವರಿಗೆ ಗೆಲುವು ಮಾತ್ರ ಸಾಲದು, ಮೆರವಣಿಗೆಯೂ ಬೇಕು. ಒಂದು ಮಂತ್ರಿಯಿಂದ ಮುಗಿಯುವ ಕಡೆ ಎರಡನೆಯದನ್ನು ಮಾಡಿಕೊಳ್ಳುತ್ತಾರೆ, ಮೂರನೆಯದಕ್ಕೂ ಕಾಲಾಳು ತಳ್ಳುತ್ತಾರೆ. ಎದುರಾಳಿಯ ರಾಜ ಚೆಕ್ ಇಲ್ಲದೆಯೂ ಅಲುಗಾಡಲಾಗದೆ ನಿಂತಾಗ ಸ್ಟೇಲ್‌ಮೇಟ್! ಮೂರು ಮಂತ್ರಿಗಳ ಸಂಪುಟಕ್ಕೆ ಅರ್ಧ ಅಂಕ. ಹಿಂದಿನಿಂದ “ಇನ್ನೇನಿದೆ” ಅಂದವರು ಅಷ್ಟರಲ್ಲಿ ಜಾಗ ಖಾಲಿ ಮಾಡಿರುತ್ತಾರೆ.

ಇದು ಕಟ್ಟೆಯ ಮೇಲಿನವರಿಗಷ್ಟೇ ಆಗುವುದು ಅಂದುಕೊಳ್ಳಬೇಡಿ. 1963ರ ಕೊನೆಯಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದ ಅಮೆರಿಕನ್ ಚಾಂಪಿಯನ್‌ಷಿಪ್. ಎಂಟು ವರ್ಷದ ಮಗುವಾಗಿದ್ದಾಗಲೇ ಹಿರಿಯರನ್ನು ಸಾಲಾಗಿ ಕೂರಿಸಿ ಸೋಲಿಸುತ್ತಿದ್ದ ಸ್ಯಾಮ್ಯುಯೆಲ್ ರೆಶೆವ್ಸ್ಕಿ, ಲ್ಯಾರಿ ಎವಾನ್ಸ್ ಎದುರು ಗೆದ್ದೇ ಕೂತಿದ್ದರು. ಎವಾನ್ಸ್ ರಾಜನನ್ನು ಮೂಲೆಗೆ ಸರಿಸಿ, ಸಪ್ಪೆ ಮುಖ ಮಾಡಿ ಕೂತರು. ರೆಶೆವ್ಸ್ಕಿ ಮಂತ್ರಿಯಿಂದ ಒಂದು ಕಾಲಾಳನ್ನು ಹೊಡೆದರು; ಮುಂದಿನ ನಡೆಯಲ್ಲಿ ಮೇಟ್. ಎವಾನ್ಸ್ ಆಗ ತಮ್ಮ ಮಂತ್ರಿಯನ್ನೇ ಎದುರಾಳಿ ರಾಜನ ಪಕ್ಕ ಇಟ್ಟು ಚೆಕ್ ಅಂದರು. ಹೊಡೆಯದೆ ವಿಧಿಯಿಲ್ಲ. ಆಮೇಲೆ ಆನೆ ಬಂದು ರಾಜನ ಮೈಗಂಟಿಕೊಂಡು ಚೆಕ್ ಅಂದಿತು. ಆನೆಯನ್ನು ಹೊಡೆದರೆ ಎವಾನ್ಸ್‌ಗೆ ಆಡಲು ಒಂದು ನಡೆಯೂ ಇಲ್ಲ, ಸ್ಟೇಲ್‌ಮೇಟ್. ಹೊಡೆಯದೆ ರಾಜ ಸರಿದರೆ ಆನೆಯೂ ಪಕ್ಕಕ್ಕೆ ಸರಿದು ಮತ್ತೆ ಚೆಕ್. ಕೊಲ್ಲುವಂತಿಲ್ಲ, ಓಡಿಸುವಂತಿಲ್ಲ.

ಆ ಕೂಟದಲ್ಲಿ ಇಪ್ಪತ್ತು ವರ್ಷದ ಬಾಬಿ ಫಿಷರ್ ಹನ್ನೊಂದಕ್ಕೆ ಹನ್ನೊಂದು ಆಟ ಗೆದ್ದ. ಎವಾನ್ಸ್, ರೆಶೆವ್ಸ್ಕಿ ಇಬ್ಬರೂ ಅವನ ಕೈಯಲ್ಲಿ ಸೋತವರೇ. ಅವನು ಯಾರಿಗೂ ಅಂಥ ಆನೆಯನ್ನು ತೋರಿಸಲು ಬಿಡಲಿಲ್ಲ.